ಎಷ್ಟು ಮಾರು ದೂರ?

ಕಳೆದ ವರ್ಷ ಪ್ರಾಜೆಕ್ಟ್ ನೆಪದಲ್ಲಿ ನಾಲ್ಕು ತಿಂಗಳು ಅಮೆರಿಕದ ಮಿಷಿಗನ್‌ನಲ್ಲಿದ್ದೆ. ಅಲ್ಲಿ ನಮ್ಮ ಟೀಮಿನಲ್ಲಿದ್ದ ಒಬ್ಬರಿಗೆ ಬಿಲ್ಲುಬೇಟೆಯ ಹುಚ್ಚು. ಐವತ್ತು ದಾಟಿದ ಮನುಷ್ಯ, ಆಫೀಸಿನಲ್ಲಿ ಮಾತೇ ಕಡಿಮೆ. ಒಂದು ಶನಿವಾರ ಊಟಕ್ಕೆ ಅಂತ ಮನೆಗೆ ಕರೆದವರು ಊಟಕ್ಕೂ ಮುಂಚೆ ಹಿತ್ತಲಿಗೆ ಕರೆದುಕೊಂಡು ಹೋಗಿ ತಮ್ಮ ಬಿಲ್ಲು ತೋರಿಸಿದರು. ಬಿಲ್ಲು ಅಂದರೆ ಕ್ಯಾಲೆಂಡರಿನಲ್ಲಿ ರಾಮನ ಕೈಯಲ್ಲಿರುತ್ತಲ್ಲ, ಆ ಥರದ್ದಲ್ಲ. ಎರಡೂ ತುದಿಗೆ ರಾಟೆ, ರಾಟೆಯಿಂದ ರಾಟೆಗೆ ಸಾಲು ಸಾಲು ದಾರ, ಹಿಡಿಯ ಮೇಲೆ ಪುಟ್ಟ ಕ್ಯಾಮೆರಾದಂಥ ಒಂದು ಡಬ್ಬಿ. ನನಗಂತೂ ಅಜ್ಜಿಯ ಹೊಲಿಗೆ ಮೆಷೀನು ನೆನಪಾಯಿತು :-)

ಹಿತ್ತಲಿನ ಆ ಕೊನೆಯಲ್ಲಿ ಫೋಮಿನ ಜಿಂಕೆ ನಿಂತಿತ್ತು. "ಎಷ್ಟು ದೂರ ಇರಬಹುದು, ಹೇಳು ನೋಡೋಣ" ಅಂದರು.

ಮಧ್ಯೆ ಬರೀ ಹುಲ್ಲು, ಒಂದು ಗಿಡವೂ ಇಲ್ಲ. "ಮೂವತ್ತು ಗಜ" ಅಂದೆ, ಸ್ವಲ್ಪ ಧೈರ್ಯವಾಗೇ.

ಅವರು ಬಿಲ್ಲೆತ್ತಿ ಹಿಡಿಯ ಪಕ್ಕದ ಗುಂಡಿ ಒತ್ತಿದರು. ಡಬ್ಬಿಯ ಗಾಜಿನಲ್ಲಿ ಅಂಕಿ ಮೂಡಿತು. 38.

ಎಂಟು ಗಜ ತಪ್ಪು. "ನಿನ್ನ ಮಾತು ನಂಬಿ ಬಿಟ್ಟಿದ್ದರೆ ಜಿಂಕೆ ಸಾಯುತ್ತಿರಲಿಲ್ಲ, ಬದುಕುತ್ತಲೂ ಇರಲಿಲ್ಲ" ಅಂದರು. ಆ ಮಾತು ಕೇಳಿದ್ದೇ ನನಗೆ ನಮ್ಮ ತಾತ ನೆನಪಾದರು. ಅದೇ ಪ್ರಶ್ನೆ, ಹೆಚ್ಚು ಕಡಿಮೆ ಅದೇ ಮಾತು, ಇಪ್ಪತ್ತು ವರ್ಷದ ಹಿಂದೆ ವಕ್ಕಲೇರಿಯ ಕೆರೆ ಏರಿಯ ಮೇಲೆ ಕೇಳಿದ್ದೆ. ಆವತ್ತಿಂದ ಬಿಲ್ಲು ಮತ್ತು ದೂರ ಇವೆರಡರ ಚರಿತ್ರೆ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಓದಿದ್ದನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ. ಸ್ವಲ್ಪ ಉದ್ದವಾಗಿದೆ, ಕಾಫಿ ಮಾಡಿಕೊಂಡು ಬಂದು ಕೂತರೆ ಒಳ್ಳೆಯದು.

ವಕ್ಕಲೇರಿ ನಮ್ಮ ತಾಯಿಯ ತವರು. ಕೋಲಾರ ತಾಲ್ಲೂಕಿನ ಒಂದು ಹೋಬಳಿ. ಹೊರಗಿನವರಿಗೆ ಈ ಹೆಸರು ಗೊತ್ತಿದ್ದರೆ ಅದು ಎರಡು ಕಾರಣಕ್ಕೆ. ಒಂದು, ಮಾರ್ಕಂಡೇಶ್ವರನ ಬೆಟ್ಟ. ಇನ್ನೊಂದು, ಇತಿಹಾಸ ಓದಿದವರಿಗೆ ಗೊತ್ತಿರುವ ವಕ್ಕಲೇರಿ ತಾಮ್ರಪಟ. ಬಾದಾಮಿ ಚಾಲುಕ್ಯರ ಕೊನೆಯ ದೊರೆ ಎರಡನೇ ಕೀರ್ತಿವರ್ಮ ಶಕ ವರ್ಷ 679ರಲ್ಲಿ, ಅಂದರೆ ಕ್ರಿ.ಶ. 757ರಲ್ಲಿ, ಭೀಮಾ ನದಿಯ ದಡದಲ್ಲಿ ಬೀಡು ಬಿಟ್ಟಿದ್ದಾಗ ಕೊಟ್ಟ ದಾನದ ಪಟ ಅದು. ಅವನ ತಂದೆ ಎರಡನೇ ವಿಕ್ರಮಾದಿತ್ಯ ಪಲ್ಲವರನ್ನು ಸೋಲಿಸಿ ಕಂಚಿಯನ್ನು ಹೊಕ್ಕಿದ್ದು, ಊರನ್ನು ಹಾಳುಗೆಡವದೆ ರಾಜಸಿಂಹೇಶ್ವರ ದೇವಾಲಯಕ್ಕೆ ಹೊನ್ನನ್ನು ಹಿಂದಿರುಗಿಸಿದ್ದು, ಇವೆಲ್ಲ ಅದರಲ್ಲಿವೆ. ದಾನ ಕೊಟ್ಟ ಊರು ವಕ್ಕಲೇರಿಯಲ್ಲ. ಎಲ್ಲೋ ದೂರದ ಪಾನುಂಗಲ್ಲಿನ ಕಡೆಯ, ಅಂದರೆ ಈಗಿನ ಹಾನಗಲ್ಲಿನ ಕಡೆಯ ಸುಳ್ಳಿಯೂರು. ಪಟ ಮಾತ್ರ ನಮ್ಮೂರಲ್ಲಿ ಸಿಕ್ಕಿತು.

ಬಿಲ್ಲಿನ ವಿಷಯ ಬಿಟ್ಟು ತಾಮ್ರಪಟಕ್ಕೆ ಯಾಕೆ ಹೋದೆ ಅಂದರೆ, ಆ ಊರು ಎಲ್ಲಿದೆ ಅಂತ ಪಟ ಹೇಳುವ ರೀತಿ ನೋಡಿ. ಇಂತಿಂಥ ಊರುಗಳ ನಡುವೆ ಇರುವ ಊರು, ಅಷ್ಟೇ. ಇಂತಿಷ್ಟು ದೂರ ಅನ್ನುವ ಮಾತೇ ಇಲ್ಲ. ಸುತ್ತಲಿನವರ ಹೆಸರು ಹೇಳಿದರೆ ಸಾಕು, ಜಾಗ ಗೊತ್ತಾಗುತ್ತದೆ. ನಮ್ಮ ಕಡೆ ಈಗಲೂ ದಾರಿ ಕೇಳಿದರೆ "ಆಲದ ಮರ ದಾಟಿದ ಮೇಲೆ, ಮುನೇಶ್ವರನ ಗುಡಿಗೆ ಮುಂಚೆ" ಅಂತಲೇ ತಾನೇ ಹೇಳುವುದು! ಅಂಕಿಯಿಲ್ಲದೆ ಜನ ಸಾವಿರಾರು ವರ್ಷ ಸುಖವಾಗಿ ಓಡಾಡಿದ್ದಾರೆ.

ಆದರೆ ಬಿಲ್ಲುಗಾರನಿಗೆ ಆ ಸುಖ ಇಲ್ಲ. ಅವನು ಅಲ್ಲಿಗೆ ನಡೆದು ಹೋಗುವವನಲ್ಲ, ನಿಂತಲ್ಲಿಂದಲೇ ಮುಟ್ಟಬೇಕಾದವನು. ಬಾಣ ಬಿಟ್ಟ ಗಳಿಗೆಯಿಂದಲೇ ನೆಲದ ಕಡೆ ಬೀಳಲು ಶುರುವಾಗುತ್ತದೆ. ಅದಕ್ಕೆ ತಕ್ಕಂತೆ ಎಷ್ಟು ಮೇಲಕ್ಕೆ ಗುರಿ ಹಿಡಿಯಬೇಕು ಅನ್ನುವುದು ದೂರ ಗೊತ್ತಿದ್ದರೆ ಮಾತ್ರ ಗೊತ್ತಾಗುತ್ತದೆ.

ಹಾಗಾದರೆ ನಮ್ಮ ಹಿಂದಿನವರು ಈ ದೂರವನ್ನು ಏನಂತ ಕರೆಯುತ್ತಿದ್ದರು? ನೋಡುತ್ತಾ ಹೋದರೆ ಮಜವಾದ ವಿಷಯ ಸಿಗುತ್ತದೆ. ಬಿಲ್ಲಿನ ದೂರವನ್ನು ಅಳೆಯಲು ಅವರು ಬಿಲ್ಲನ್ನೇ ಅಳತೆಗೋಲು ಮಾಡಿಕೊಂಡಿದ್ದರು.

ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು 1905ರಲ್ಲಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರ ಗೊತ್ತಲ್ಲ, ಅದರಲ್ಲಿ ಅಳತೆಗಳ ಒಂದು ಅಧ್ಯಾಯವೇ ಇದೆ. 96 ಅಂಗುಲಕ್ಕೆ ಒಂದು ಧನುಸ್ಸು, ಅಂದರೆ ಒಂದು ಬಿಲ್ಲು. ನಾಲ್ಕು ಮೊಳ. ದಾರಿ, ಕೋಟೆಗೋಡೆಗಳನ್ನು ಅಳೆಯುವ ಬಿಲ್ಲು ಬೇರೆ, ಅದು 108 ಅಂಗುಲ. ಸಾವಿರ ಬಿಲ್ಲಿಗೆ ಒಂದು ಗೋರುತ. ಗೋರುತ ಅಂದರೆ ಹಸುವಿನ ಕೂಗು, ಅದು ಕೇಳಿಸುವಷ್ಟು ದೂರ! ನಮ್ಮ "ಕೂಗಳತೆ"ಯ ಅಣ್ಣನೋ ತಮ್ಮನೋ ಇರಬೇಕು.

ನಾಲ್ಕು ಮೊಳ ಅಂದ ತಕ್ಷಣ ನಮ್ಮ ಕಡೆಯವರಿಗೆ ಹೊಳೆಯಬೇಕು. ಅದು ನಮ್ಮ "ಮಾರು". ಎರಡೂ ಕೈ ಚಾಚಿದರೆ ಈ ತುದಿಯಿಂದ ಆ ತುದಿಗೆ ಒಂದು ಮಾರು, ಸುಮಾರು ಆರು ಅಡಿ. ಹೂವಾಡಗಿತ್ತಿ ಮೊಳದಲ್ಲಿ ಅಳೆದರೆ, ಬಾವಿಗೆ ಹಗ್ಗ ತರುವವನು ಮಾರಿನಲ್ಲಿ ಅಳೆಯುತ್ತಾನೆ. ಬಿಲ್ಲುಗಾರನ ಎತ್ತರ, ಅವನ ಚಾಚಿದ ಕೈ, ಅವನ ಬಿಲ್ಲು, ಮೂರೂ ಹೆಚ್ಚುಕಡಿಮೆ ಒಂದೇ ಅಳತೆ. ಹಾಗಾಗಿ ಅಳತೆಗೋಲು ಅವನ ಮೈಯಲ್ಲೇ ಇತ್ತು, ಮರೆತು ಬರುವ ಪ್ರಶ್ನೆಯೇ ಇಲ್ಲ.

ವಸಿಷ್ಠರ ಹೆಸರಿನಲ್ಲಿರುವ ಧನುರ್ವೇದ ಸಂಹಿತೆಯಲ್ಲಿ ಗುರಿಯ ದೂರಕ್ಕೆ ಮೂರು ದರ್ಜೆ ಕೊಟ್ಟಿದೆ. 60 ಬಿಲ್ಲು ದೂರದ ಗುರಿ ಜ್ಯೇಷ್ಠ, 40 ಬಿಲ್ಲಿನದು ಮಧ್ಯಮ, 20 ಬಿಲ್ಲಿನದು ಕನಿಷ್ಠ. ಇದನ್ನು ಮೀಟರಿಗೆ ಬದಲಾಯಿಸಿ ನೋಡಿದೆ. ಒಂದು ಬಿಲ್ಲಿಗೆ ಆರು ಅಡಿ ಅಂತ ಇಟ್ಟುಕೊಂಡರೆ 60 ಬಿಲ್ಲು ಅಂದರೆ ಸುಮಾರು 110 ಮೀಟರು, 40 ಅಂದರೆ 73 ಮೀಟರು. ಇವತ್ತಿನ ಒಲಿಂಪಿಕ್ ಬಿಲ್ಲುಗಾರಿಕೆಯ ದೂರ 70 ಮೀಟರು! ಇನ್ನು 20 ಬಿಲ್ಲು ಅಂದರೆ ಸರಿಯಾಗಿ 40 ಗಜ. ಮಿಷಿಗನ್ನಿನ ನನ್ನ ಸ್ನೇಹಿತರನ್ನು "ನೀವು ಅತಿ ಹೆಚ್ಚು ಅಂದರೆ ಎಷ್ಟು ದೂರಕ್ಕೆ ಬಿಡುತ್ತೀರಿ" ಅಂತ ಕೇಳಿದ್ದೆ. ಅವರು ಹೇಳಿದ್ದೂ 40 ಗಜವೇ. ನಮ್ಮ ಶಾಸ್ತ್ರದ ಕನಿಷ್ಠ ಅವರ ಗರಿಷ್ಠ. ನಗಬೇಡಿ, ಕಾರಣ ಇದೆ. ಶಾಸ್ತ್ರ ಹೇಳುತ್ತಿರುವುದು ಅಭ್ಯಾಸದ ಗುರಿ, ಅದು ನೆಟ್ಟ ಕಡೆ ನಿಂತಿರುತ್ತದೆ, ತಪ್ಪಿದರೆ ಯಾರಿಗೂ ನೋವಿಲ್ಲ. ಇವರು ಹೇಳುತ್ತಿರುವುದು ಉಸಿರಾಡುವ ಪ್ರಾಣಿ.

ಬಿಲ್ಲು ಅಳತೆಗೋಲಾಗಿದ್ದು ಅಲ್ಲಿಗೇ ನಿಲ್ಲಲಿಲ್ಲ, ನಮ್ಮ ಗಣಿತಕ್ಕೂ ಹೋಯಿತು. ಇಂಜಿನಿಯರಿಂಗಿನಲ್ಲಿ ನಾಲ್ಕು ವರ್ಷ ಸೈನ್, ಕೊಸೈನ್ ಅಂತ ಉರು ಹೊಡೆದೆವಲ್ಲ, ಅದರ ಹೆಸರು ಎಲ್ಲಿಂದ ಬಂತು ಅಂತ ಒಬ್ಬ ಲೆಕ್ಚರರೂ ನಮಗೆ ಹೇಳಲಿಲ್ಲ. ವೃತ್ತದ ಒಂದು ತುಂಡನ್ನು ನಮ್ಮವರು ಚಾಪ ಅಂದರು, ಅಂದರೆ ಬಿಲ್ಲು. ಅದರ ಎರಡು ತುದಿ ಸೇರಿಸುವ ಗೆರೆಯನ್ನು ಜ್ಯಾ ಅಂದರು, ಅಂದರೆ ಹೆದೆ. ಹೆದೆಯ ನಡುವಿನಿಂದ ಬಿಲ್ಲಿನ ಬೆನ್ನಿಗೆ ಎಳೆದ ಗೆರೆ ಶರ, ಅಂದರೆ ಬಾಣ. ಬಿಲ್ಲಿನ ತುದಿ ಕೋಟಿ, ಕೊಸೈನಿನ ಹಳೆಯ ಹೆಸರು ಕೋಟಿಜ್ಯಾ. ಕ್ರಿ.ಶ. 499ರ ಆರ್ಯಭಟೀಯದಲ್ಲಿ ಈ ಜ್ಯಾಗಳ ಕೋಷ್ಟಕವೇ ಇದೆ. ಜ್ಯಾ ಪದದ ಇನ್ನೊಂದು ರೂಪ ಜೀವಾ, ಅರಬ್ಬಿಗೆ ಹೋಗಿ ಜೀಬಾ ಆಯಿತು. ಅರಬ್ಬಿಯಲ್ಲಿ ಸ್ವರ ಬರೆಯದ ಕಾರಣ ಮುಂದಿನವರು ಅದನ್ನು ಜೈಬ್ ಅಂತ ಓದಿಕೊಂಡರು. ಜೈಬ್ ಅಂದರೆ ಬಟ್ಟೆಯ ಮಡಿಕೆ. ಹನ್ನೆರಡನೇ ಶತಮಾನದಲ್ಲಿ ಲ್ಯಾಟಿನ್ನಿಗೆ ಅನುವಾದ ಮಾಡಿದವರು ಮಡಿಕೆಗೆ ಸೈನಸ್ ಅಂತ ಬರೆದರು. ಅದೇ ನಮ್ಮ ಸೈನ್. ಹೆದೆ ಹೋಗಿ ಮಡಿಕೆಯಾಯಿತು :-)

ದೂರದಲ್ಲಿರುವುದನ್ನು ಮುಟ್ಟದೆ ಅಳೆಯುವ ಲೆಕ್ಕವೂ ನಮ್ಮಲ್ಲಿತ್ತು. ರಾಷ್ಟ್ರಕೂಟ ಅಮೋಘವರ್ಷನ ಕಾಲದಲ್ಲಿ, ಸುಮಾರು 850ರಲ್ಲಿ, ಮಹಾವೀರಾಚಾರ್ಯ ಬರೆದ ಗಣಿತಸಾರಸಂಗ್ರಹದ ಕೊನೆಯ ಅಧ್ಯಾಯ ನೆರಳಿನ ಲೆಕ್ಕದ್ದು. ಒಂದು ಕೋಲಿನ ಎತ್ತರ, ಅದರ ನೆರಳು ಗೊತ್ತಿದ್ದರೆ ದೊಡ್ಡದರ ನೆರಳಿನಿಂದ ಅದರ ಎತ್ತರ ತೆಗೆಯಬಹುದು. ಸಮರೂಪ ತ್ರಿಕೋನ, ಹತ್ತನೇ ಕ್ಲಾಸಿನ ಪಾಠ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಅಂದ ಹಾಗೆ, ಇಷ್ಟೆಲ್ಲ ಲೆಕ್ಕ ಗೊತ್ತಿದ್ದ ನಾಡಿನಲ್ಲಿ ಬೇಟೆಗಾರ ಕಾಡಿಗೆ ಕೋಲು ನೆರಳು ಹಿಡಿದುಕೊಂಡು ಹೋಗುತ್ತಿದ್ದನೇ? ಇಲ್ಲ. ಅವನು ದೂರವನ್ನು ಅಳೆಯುವ ಗೋಜಿಗೇ ಹೋಗಲಿಲ್ಲ. ದೂರವನ್ನೇ ಕಡಿಮೆ ಮಾಡಿಕೊಂಡ.

ಕಲ್ಯಾಣ ಚಾಲುಕ್ಯರ ಮೂರನೇ ಸೋಮೇಶ್ವರ ಸುಮಾರು 1129ರಲ್ಲಿ ಬರೆದ ಮಾನಸೋಲ್ಲಾಸದಲ್ಲಿ ಬೇಟೆಯ ಮೇಲೇ ಒಂದು ದೊಡ್ಡ ಭಾಗವಿದೆ. ಜಿಂಕೆ ಹೊಡೆಯುವ ಬಗೆಗಳನ್ನು ಒಂದೊಂದಾಗಿ ಹೇಳುತ್ತಾ ಹೋಗುತ್ತಾನೆ. ಸಾಕಿದ ಜಿಂಕೆಯನ್ನು ಮುಂದೆ ಬಿಟ್ಟು ಕಾಡುಜಿಂಕೆಯನ್ನು ಸೆಳೆಯುವುದು, ಮರೆಯಲ್ಲಿ ಕೂತು ಕಾಯುವುದು, ಹೀಗೆ. ಬಹುಪಾಲು ಉಪಾಯಗಳ ಸಾರ ಒಂದೇ, ಪ್ರಾಣಿಯನ್ನು ಹತ್ತಿರ ತರಿಸಿಕೊಳ್ಳುವುದು. ಮದ್ದೂರು ತಾಲ್ಲೂಕಿನ ಆತಕೂರಿನ ಕ್ರಿ.ಶ. 949–50ರ ಪ್ರಸಿದ್ಧ ಶಾಸನ ನೆನಪಿರಬಹುದು. ಕಾಳಿ ಅನ್ನುವ ಬೇಟೆನಾಯಿ ಕಾಡುಹಂದಿಯ ಜೊತೆ ಹೋರಾಡಿ ಎರಡೂ ಸತ್ತ ಕಥೆ. ನಾಯಿ ಬಂದಲ್ಲಿ ದೂರದ ಪ್ರಶ್ನೆಯೇ ಮುಗಿಯಿತು. ಅದು ಹಂದಿಯನ್ನು ತಡೆದು ನಿಲ್ಲಿಸುತ್ತದೆ, ಬೇಟೆಗಾರ ಪಕ್ಕಕ್ಕೇ ಹೋಗುತ್ತಾನೆ.

ಇದು ನಮ್ಮಲ್ಲಿ ಮಾತ್ರವಲ್ಲ. ಕ್ಯಾಲಿಫೋರ್ನಿಯಾದ ಯಾಹಿ ಜನರಲ್ಲಿ ಕೊನೆಯವನಾಗಿ ಉಳಿದ ಇಷಿ 1911ರಲ್ಲಿ ಕಾಡಿನಿಂದ ಹೊರಗೆ ಬಂದ. ಅವನಿಗೆ ವೈದ್ಯರಾಗಿದ್ದ ಸ್ಯಾಕ್ಸ್ಟನ್ ಪೋಪ್ ಅವನಿಂದ ಬಿಲ್ಲುವಿದ್ಯೆ ಕಲಿತರು. ಇಷಿ 1916ರಲ್ಲಿ ಕ್ಷಯದಿಂದ ತೀರಿಕೊಂಡ, ಪೋಪ್ 1923ರಲ್ಲಿ ಬಿಲ್ಲುಬೇಟೆಯ ಬಗ್ಗೆ ಪುಸ್ತಕ ಬರೆದರು. ಅಮೆರಿಕದ ಈಗಿನ ಬಿಲ್ಲುಬೇಟೆಯ ಹವ್ಯಾಸಕ್ಕೆ ಅಡಿಪಾಯ ಹಾಕಿದ ಪುಸ್ತಕಗಳಲ್ಲಿ ಅದೂ ಒಂದು. ಇಷಿ ತುಟಿಯಿಂದ ಕೀಚು ಸದ್ದು ಮಾಡಿ ಮೊಲವನ್ನು ಕರೆಯುತ್ತಿದ್ದ, ಜಿಂಕೆಯ ತಲೆಯ ಮುಖವಾಡ ಹಾಕಿಕೊಂಡು ಜಿಂಕೆಯನ್ನು ಹತ್ತಿರಕ್ಕೆ ಸೆಳೆಯುತ್ತಿದ್ದ. ಸೋಮೇಶ್ವರ ಮಹಾರಾಜನಿಗೂ ಇಷಿಗೂ ಎಂಟುನೂರು ವರ್ಷ, ಅರ್ಧ ಭೂಮಿಯ ಅಂತರ. ಉಪಾಯ ಮಾತ್ರ ಒಂದೇ.

ನಮ್ಮ ಕೋಲಾರ ಜಿಲ್ಲೆಯ ವೀರಗಲ್ಲುಗಳನ್ನು ನೋಡಿದಾಗಲೂ ಇದೇ ಯೋಚನೆ ಬರುತ್ತದೆ. ಬಿ. ಎಲ್. ರೈಸ್ ಸಾಹೇಬರು 1905ರಲ್ಲಿ ಹೊರತಂದ ಎಪಿಗ್ರಾಫಿಯಾ ಕರ್ನಾಟಿಕಾದ ಹತ್ತನೇ ಸಂಪುಟ ಪೂರ್ತಿ ಈ ಜಿಲ್ಲೆಯದೇ. ಅದರಲ್ಲಿ ಗಂಗರು, ಬಾಣರು, ನೊಳಂಬರ ಕಾಲದ ವೀರಗಲ್ಲುಗಳು ಎಷ್ಟೊಂದಿವೆ. ತುರುಗಳನ್ನು ಬಿಡಿಸಿಕೊಳ್ಳಲು ಹೋಗಿ ಸತ್ತವರೇ ಅವರಲ್ಲಿ ಹೆಚ್ಚು. ಹಲವು ಕಲ್ಲುಗಳಲ್ಲಿ ವೀರನ ಕೈಯಲ್ಲಿ ಬಿಲ್ಲು. ಶಿಲ್ಪಿ ಬಿಟ್ಟವನನ್ನೂ ಬಾಣ ತಿಂದವನನ್ನೂ ಒಂದು ಗೇಣಿನೊಳಗೆ ಕೆತ್ತಿಬಿಡುತ್ತಾನೆ. ಕಲ್ಲಿನಲ್ಲಿ ಜಾಗ ಇಲ್ಲದ್ದಕ್ಕೆ ಅಂತ ಮೊದಲು ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ನಿಜವಾದ ಜಗಳವೂ ಅಷ್ಟೇ ಹತ್ತಿರದಲ್ಲಿ ನಡೆಯುತ್ತಿತ್ತೇನೋ.

ದೂರವನ್ನು ಕಡಿಮೆ ಮಾಡಿಕೊಳ್ಳುವ ಬದಲು ಅಳೆದುಬಿಡೋಣ ಅನ್ನುವ ಹಟ ಹುಟ್ಟಿದ್ದು ಬಂದೂಕು, ಫಿರಂಗಿಗಳ ಜೊತೆಗೆ. ಅಲ್ಲಿ ಗುರಿ ಮೈಲಿಗಟ್ಟಲೆ ದೂರ, ಹತ್ತಿರ ಹೋಗುವ ಮಾತಿಲ್ಲ. 1888ರಲ್ಲಿ ಬ್ರಿಟಿಷ್ ಯುದ್ಧ ಇಲಾಖೆ ಪದಾತಿ ಸೈನ್ಯಕ್ಕೆ ದೂರಮಾಪಕ ಬೇಕು ಅಂತ ಜಾಹೀರಾತು ಕೊಟ್ಟಿತು. ಲೀಡ್ಸಿನ ಇಬ್ಬರು ಪ್ರೊಫೆಸರುಗಳು, ಆರ್ಚಿಬಾಲ್ಡ್ ಬಾರ್ ಮತ್ತು ವಿಲಿಯಂ ಸ್ಟ್ರೌಡ್, ಒಂದು ಯಂತ್ರ ಮಾಡಿ ಕಳಿಸಿದರು. ಸೈನ್ಯ ಬೇಡ ಅಂದಿತು, ಆದರೆ ಕೆಲವೇ ವರ್ಷಗಳಲ್ಲಿ ನೌಕಾಪಡೆ ಬೇಕು ಅಂದಿತು. ಒಂದು ಉದ್ದ ಕೊಳವೆಯ ಎರಡು ತುದಿಯಲ್ಲಿ ಎರಡು ಕಿಂಡಿ. ಎರಡೂ ಕಿಂಡಿಯಿಂದ ಬಂದ ಚಿತ್ರವನ್ನು ಒಂದಕ್ಕೊಂದು ಕೂಡಿಸಿದರೆ ದೂರ ಗೊತ್ತಾಗುತ್ತದೆ. ನಮ್ಮ ಎರಡು ಕಣ್ಣು ಮಾಡುವ ಕೆಲಸವೇ, ಕಣ್ಣುಗಳ ನಡುವೆ ಇನ್ನಷ್ಟು ಅಂತರ ಕೊಟ್ಟರೆ ಹೇಗೋ ಹಾಗೆ.

ಬಿಲ್ಲಿಗೆ ಇದು ಬಂದಿದ್ದು ತಡವಾಗಿ. ಅಮೆರಿಕದ ಹಾಲೆಸ್ ವಿಲ್ಬರ್ ಆಲೆನ್ ಎಂಬುವವರು ರಾಟೆ ಬಿಲ್ಲಿಗೆ 1966ರಲ್ಲಿ ಅರ್ಜಿ ಹಾಕಿ 1969ರಲ್ಲಿ ಪೇಟೆಂಟ್ ಪಡೆದರು. ಬಾಣದ ವೇಗ ಹೆಚ್ಚಿತು, ಬಿಲ್ಲಿನ ಮೇಲೆ ಗುರಿಮೊಳೆಗಳು ಸಾಮಾನ್ಯವಾದವು. ಒಂದು ಮೊಳೆ 20 ಗಜಕ್ಕೆ, ಇನ್ನೊಂದು 30ಕ್ಕೆ, ಮತ್ತೊಂದು 40ಕ್ಕೆ. ಸರಿ, ಆದರೆ ಎದುರಿಗಿರುವುದು 30ರದೋ 40ರದೋ ಅಂತ ಯಾರು ಹೇಳಬೇಕು? ಅದಕ್ಕೆ ಸೈಟಿನ ಮೇಲೇ ಎರಡು ತಂತಿ ಜೋಡಿಸಿದ ಬಗೆಗಳು ಬಂದವು. ಜಿಂಕೆಯ ಬೆನ್ನಿನಿಂದ ಎದೆಯ ತಳದವರೆಗೆ ಸುಮಾರು 16 ಇಂಚು ಅಂತ ಇಟ್ಟುಕೊಂಡು, ಅದು ತಂತಿಗಳ ನಡುವೆ ಸರಿಯಾಗಿ ಕೂತರೆ ಇಂತಿಷ್ಟು ಗಜ ಅಂತ ಲೆಕ್ಕ. ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಮಹಾವೀರಾಚಾರ್ಯರ ನೆರಳಿನ ತ್ರಿಕೋನ ಇದೇ. ತೊಂದರೆ ಏನೆಂದರೆ ಜಿಂಕೆಗಳೆಲ್ಲ 16 ಇಂಚಿನ ಅಚ್ಚಿನಲ್ಲಿ ಹೊಯ್ದವಲ್ಲ. ಮರಿಯನ್ನು ನೋಡಿ ದೊಡ್ಡದು ಅಂದುಕೊಂಡರೆ ದೂರದ ಲೆಕ್ಕವೂ ತಪ್ಪುತ್ತದೆ.

1960ರಲ್ಲಿ ಥಿಯೋಡರ್ ಮೈಮನ್ ಮೊದಲ ಲೇಸರ್ ಬೆಳಗಿಸಿದರು. ಕೆಲವೇ ವರ್ಷದಲ್ಲಿ ಸೈನ್ಯದವರ ಕೈಗೆ ಲೇಸರ್ ದೂರಮಾಪಕ ಬಂತು, 1990ರ ದಶಕದಲ್ಲಿ ಸಾಮಾನ್ಯ ಬೇಟೆಗಾರರ ಜೇಬಿಗೂ ಬಂತು. ಆದರೆ ಜೇಬಿನಿಂದ ತೆಗೆದು, ನೋಡಿ, ಒಳಗಿಟ್ಟು, ಆಮೇಲೆ ಬಿಲ್ಲೆತ್ತುವಷ್ಟರಲ್ಲಿ ಜಿಂಕೆ ಹತ್ತು ಹೆಜ್ಜೆ ಹೋಗಿರುತ್ತದೆ. ಹಾಗಾಗಿ ಅದನ್ನು ಬಿಲ್ಲಿನ ಸೈಟಿನೊಳಗೇ ಕೂರಿಸುವ ಪ್ರಯತ್ನಗಳು ನಡೆದವು. 2018ರಲ್ಲಿ ಗಾರ್ಮಿನ್ ಕಂಪನಿ ತಂದ ಜೀರೋ ಅನ್ನುವ ಸೈಟ್ ಇವುಗಳಲ್ಲಿ ಹೆಸರುವಾಸಿ. ಗುಂಡಿ ಒತ್ತಿದರೆ ದೂರವನ್ನೂ ಇಳಿಜಾರನ್ನೂ ಅಳೆದು, ಆ ದೂರಕ್ಕೆ ತಕ್ಕ ಬೆಳಕಿನ ಚುಕ್ಕಿಯನ್ನು ಗಾಜಿನಲ್ಲಿ ತೋರಿಸುತ್ತದೆ. ಚುಕ್ಕಿ ಇಟ್ಟು ಬಿಡುವುದೊಂದೇ ಬಾಕಿ.

ಒಳಗಿನ ಕೆಲಸ ಸರಳ. ಬೆಳಕು ಒಂದು ನ್ಯಾನೋಸೆಕೆಂಡಿಗೆ ಸುಮಾರು 30 ಸೆಂಟಿಮೀಟರು ಹೋಗುತ್ತದೆ. 35 ಮೀಟರು ದೂರಕ್ಕೆ ಹೋಗಿ ಬರಲು ಸುಮಾರು 230 ನ್ಯಾನೋಸೆಕೆಂಡು. ಆ ಸಮಯ ಅಳೆದರೆ ದೂರ ಬಂತು. ಬೆಟ್ಟದ ಮೇಲಿಂದ ಕೆಳಗೆ ನೋಡಿದರೆ ಇನ್ನೊಂದು ಲೆಕ್ಕ ಸೇರುತ್ತದೆ. 30 ಡಿಗ್ರಿ ಇಳಿಜಾರಿನಲ್ಲಿ ನೇರ ದೂರ 40 ಗಜವಿದ್ದರೆ, ಬಾಣಕ್ಕೆ ಅದು ಸುಮಾರು 34.6 ಗಜ ಇದ್ದ ಹಾಗೆ. ಕರ್ಣವನ್ನು ಕೊಸೈನಿನಿಂದ ಗುಣಿಸಿದರೆ ಆಯಿತು. ಅಂದರೆ ಆ ಡಬ್ಬಿಯ ಚಿಪ್ಪು ಪ್ರತಿ ಸಲ ಲೆಕ್ಕ ಹಾಕುತ್ತಿರುವುದು ಕೋಟಿಜ್ಯಾವನ್ನು. ಬಿಲ್ಲಿನಿಂದ ಹೆಸರು ಪಡೆದ ಗಣಿತ ಸಾವಿರದ ಐನೂರು ವರ್ಷ ಊರೆಲ್ಲ ಸುತ್ತಿ ಮತ್ತೆ ಬಿಲ್ಲಿನ ಮೇಲೇ ಬಂದು ಕೂತಿದೆ!

ಇಷ್ಟು ಚೆನ್ನಾಗಿದ್ದರೆ ಎಲ್ಲರೂ ಖುಷಿಯಾಗಿರಬೇಕಿತ್ತು. ಇಲ್ಲ. 1961ರಲ್ಲಿ ಶುರುವಾದ ಪೋಪ್ ಅಂಡ್ ಯಂಗ್ ಕ್ಲಬ್ಬು (ಹೌದು, ಇಷಿಯ ಶಿಷ್ಯ ಅದೇ ಪೋಪ್) ಬಿಲ್ಲಿಗೆ ಇಂಥ ದೂರಮಾಪಕ ಕಟ್ಟಿಕೊಂಡು ಹೊಡೆದ ಪ್ರಾಣಿಯನ್ನು ತನ್ನ ದಾಖಲೆಗೆ ಸೇರಿಸುವುದಿಲ್ಲ. ಅಮೆರಿಕದ ಕೆಲವು ರಾಜ್ಯಗಳು ಬಿಲ್ಲಿನ ಮೇಲೆ ಎಲೆಕ್ಟ್ರಾನಿಕ್ ಸಾಮಾನನ್ನೇ ಬೇಡ ಅಂದಿವೆ. ಒಂದು ಕಡೆಯವರ ವಾದ: ಯಂತ್ರ ಇದ್ದರೆ ದೂರ ಹೆಚ್ಚಿದ ಹಾಗೆ ಆಸೆಯೂ ಹೆಚ್ಚುತ್ತದೆ, 40ಕ್ಕೆ ನಿಲ್ಲುತ್ತಿದ್ದವನು 70ಕ್ಕೂ ಬಿಡುತ್ತಾನೆ, ಹತ್ತಿರ ಹೋಗುವ ವಿದ್ಯೆಯೇ ಸಾಯುತ್ತದೆ. ಇನ್ನೊಂದು ಕಡೆಯವರು ಹೇಗೂ ಬಿಡುವುದು ಬಿಡುತ್ತಾರೆ, ದೂರ ಸರಿಯಾಗಿ ಗೊತ್ತಿದ್ದರೆ ಗಾಯಗೊಂಡು ನರಳುವ ಪ್ರಾಣಿಗಳಾದರೂ ಕಡಿಮೆಯಾಗುತ್ತವೆ ಅನ್ನುತ್ತಾರೆ.

ಯಾರ ಮಾತು ಸರಿ? ಲೆಕ್ಕ ಹಾಕಿ ನೋಡೋಣ ಅಂತ ಒಂದು ರಾತ್ರಿ ಕೂತೆ. ಗಾಳಿಯ ತಡೆ ಬಿಟ್ಟರೆ ಸೂತ್ರ ಚಿಕ್ಕದು. ಬಾಣ ಎಷ್ಟು ಕೆಳಗೆ ಬೀಳುತ್ತದೆ ಅನ್ನುವುದು ನಿಜವಾದ ದೂರ ಮತ್ತು ಅಂದಾಜಿನ ತಪ್ಪು, ಇವೆರಡರ ಗುಣಾಕಾರಕ್ಕೆ ತಕ್ಕಂತೆ. ವೇಗದ ವರ್ಗದಿಂದ ಭಾಗಿಸಬೇಕು. ಸೆಕೆಂಡಿಗೆ 85 ಮೀಟರು ಹೋಗುವ ರಾಟೆ ಬಿಲ್ಲಿನಲ್ಲಿ, 38 ಗಜವನ್ನು ನಾನು 30 ಅಂದ ತಪ್ಪಿಗೆ ಬಾಣ 17 ಸೆಂಟಿಮೀಟರು ಕೆಳಗೆ. ಜಿಂಕೆಯ ಶ್ವಾಸಕೋಶ, ಹೃದಯ ಇರುವ ಜಾಗ ಸುಮಾರು 20–25 ಸೆಂಟಿಮೀಟರಿನ ಒಂದು ವೃತ್ತ. ನಡುವಿಗೆ ಗುರಿಯಿಟ್ಟರೆ 17 ಸೆಂಟಿಮೀಟರು ಅಂದರೆ ವೃತ್ತದ ಹೊರಗೆ. ಸಾಯುವುದಿಲ್ಲ, ಬದುಕುವುದೂ ಇಲ್ಲ. ಅವರು ಹೇಳಿದ್ದು ಸರಿಯಾಗಿತ್ತು.

ಆದರೆ ದೂರ ಗೊತ್ತಿದ್ದರೂ ಮುಗಿಯಲಿಲ್ಲ. 35 ಮೀಟರಿಗೆ ಬಾಣ ಹೋಗಲು 0.41 ಸೆಕೆಂಡು ಬೇಕು. ಹೆದೆಯ ಸದ್ದು 0.1 ಸೆಕೆಂಡಿನಲ್ಲೇ ಜಿಂಕೆಯ ಕಿವಿ ಮುಟ್ಟಿರುತ್ತದೆ. ಉಳಿದ 0.3 ಸೆಕೆಂಡಿನಲ್ಲಿ ಬೆದರಿದ ಜಿಂಕೆ ಓಡಲು ಮೈ ಕುಗ್ಗಿಸಿದರೆ ಯಾವ ಲೇಸರೂ ಏನೂ ಮಾಡಲಾರದು. ನಮ್ಮ ಭಾಷೆಯಲ್ಲಿ ಹೇಳುವುದಾದರೆ ಲೇಟೆನ್ಸಿ. ಯಂತ್ರ ಹೇಳುವುದು ಗುಂಡಿ ಒತ್ತಿದಾಗಿನ ದೂರ. ಬಾಣ ಮುಟ್ಟುವುದು ಅದರ ನಂತರದ ಗಳಿಗೆಯನ್ನು. ಈ ಅಂತರವನ್ನು ಕಡಿಮೆ ಮಾಡಲು ಇರುವ ದಾರಿ ಒಂದೇ, ಹತ್ತಿರ ಹೋಗುವುದು. ಸೋಮೇಶ್ವರನೂ ಇಷಿಯೂ ಮಾಡಿದ್ದು ಅದನ್ನೇ.

ಈಗ ತಾತನ ಕಥೆ.

ತಾತನ ಹತ್ತಿರ ಅವರ ಅಪ್ಪನ ಕಾಲದ ಒಂದು ಬಿದಿರಿನ ಬಿಲ್ಲಿತ್ತು. ಅವರ ಕಾಲಕ್ಕೇ ಬಿಲ್ಲು ಅಪರೂಪ. ಬೇಟೆಗೆ ಹೋಗುವವರು ಬಲೆ, ನಾಯಿ, ನಾಡಬಂದೂಕು ಹಿಡಿಯುತ್ತಿದ್ದರು. 1972ರ ವನ್ಯಜೀವಿ ಕಾಯ್ದೆ ಇನ್ನೂ ಬಂದಿರಲಿಲ್ಲ, ರಾಗಿ ಹೊಲಕ್ಕೆ ಹಂದಿ ನುಗ್ಗಿದರೆ ಊರೇ ಎದ್ದು ಹೋಗುತ್ತಿತ್ತಂತೆ. ತಾತನ ಲೆಕ್ಕ ಹದಿನೈದು ಮಾರು. ಅದರ ಆಚೆ ಇದ್ದರೆ ಬಿಡುತ್ತಿರಲಿಲ್ಲ.

ನನಗೆ ಎಂಟೊಂಬತ್ತು ವರ್ಷ. ರಜಕ್ಕೆ ಹೋಗಿದ್ದೆ. ಸಂಜೆ ಕೆರೆ ಏರಿಯ ಮೇಲೆ ಕೂತು ನೀರಿನ ಆಚೆಯ ಒಂದು ಬಂಡೆ ತೋರಿಸಿ, "ಎಷ್ಟು ಮಾರೈತೆ ಹೇಳಪ್ಪಾ" ಅಂದರು.

"ಹತ್ತು ಮಾರು, ತಾತಾ."

ನಗಲಿಲ್ಲ. "ನಾನು ಹದಿನೈದು ಅಂದ್ಕೊಂಡಿದ್ದೆ" ಅಂದರು. ಮದುವೆಯಾದ ಹೊಸದರಲ್ಲಿ ಒಂದು ಮಳೆಗಾಲದ ಸಂಜೆ ಆ ಬಂಡೆಯ ಹತ್ತಿರ ಒಂಟಿ ಹಂದಿ ನಿಂತಿತ್ತಂತೆ. ತಾತ ಏರಿಯ ಈಚೆ, ನಡುವೆ ಕೆರೆಯ ಮೂಲೆಯ ನೀರು. ಬಿಟ್ಟರು. ಬಾಣ ಎದೆಗೆ ಬೀಳಲಿಲ್ಲ, ಮುಂಗಾಲಿಗೆ ಬಿತ್ತು. ಹಂದಿ ಕಿರುಚಿಕೊಂಡು ಜಾಲಿ ಪೊದೆಯೊಳಗೆ ಹೋಯಿತು. ರಾತ್ರಿಯೆಲ್ಲ ಲಾಂದ್ರ ಹಿಡಿದು ಹುಡುಕಿದರು. ಮಾರನೇ ದಿನವೂ ಹುಡುಕಿದರು. ಮೂರನೇ ದಿನ ಹದ್ದು ಸುತ್ತುವುದನ್ನು ನೋಡಿ ಹೋದರೆ ಬೆಟ್ಟದ ಬುಡದಲ್ಲಿ ಸಿಕ್ಕಿತು. "ಇನ್ನೂ ಜೀವ ಇತ್ತು" ಅಂದರು ತಾತ. ಅಷ್ಟೇ ಹೇಳಿದರು, ಆಮೇಲೇನು ಮಾಡಿದರು ಅಂತ ನಾನೂ ಕೇಳಲಿಲ್ಲ.

ಆ ವರ್ಷ ಬೇಸಿಗೆಯಲ್ಲಿ ಕೆರೆ ಬತ್ತಿದಾಗ ತಾತ ಬಾವಿಯ ಹಗ್ಗ ತಗೊಂಡು ಹೋಗಿ ತಾವು ನಿಂತಿದ್ದ ಜಾಗದಿಂದ ಬಂಡೆಯವರೆಗೆ ಹಿಡಿದು, ಹಗ್ಗವನ್ನು ಕೈಚಾಚಿ ಅಳೆದರಂತೆ. ಹದಿನೇಳು ಮಾರು.

"ಎರಡೇ ಮಾರು ಕಣಪ್ಪಾ. ನೀರಿನ ಮೇಲೆ ಕಣ್ಣು ಮೋಸ ಮಾಡ್ತದೆ. ಹತ್ರ ಕಾಣ್ತದೆ."

ಆಮೇಲೆ ಬಿಲ್ಲು ಅಟ್ಟ ಸೇರಿತು.

ನೀರಿನಾಚೆ, ಬಯಲಿನಾಚೆ ಇರುವುದು ಇದ್ದದ್ದಕ್ಕಿಂತ ಹತ್ತಿರ ಕಾಣುತ್ತದೆ ಅನ್ನುವುದನ್ನು ಬಂದೂಕಿನ ತರಬೇತಿಯಲ್ಲಿ ಸೈನಿಕರಿಗೆ ಹೇಳಿಕೊಡುತ್ತಾರೆ. ನಡುವೆ ಕಣ್ಣಿಗೆ ಆಧಾರವಾಗಿ ಗಿಡ, ಬಂಡೆ ಏನೂ ಇರುವುದಿಲ್ಲವಲ್ಲ, ಅದಕ್ಕೆ. ಮಿಷಿಗನ್ನಿನ ಹುಲ್ಲಿನ ಮೇಲೆ ನಾನು ಮೋಸ ಹೋಗಿದ್ದೂ ಹೀಗೇ. ತಾತನ ಲೆಕ್ಕವನ್ನೂ ಅದೇ ಸೂತ್ರಕ್ಕೆ ಹಾಕಿದೆ. ಬಿದಿರಿನ ಬಿಲ್ಲಿಗೆ ಸೆಕೆಂಡಿಗೆ 45 ಮೀಟರು ಅಂತ ಇಟ್ಟುಕೊಂಡೆ. ಹದಿನೇಳು ಮಾರನ್ನು ಹದಿನೈದು ಅಂದುಕೊಂಡರೆ ಬಾಣ ಸುಮಾರು 27 ಸೆಂಟಿಮೀಟರು ಕೆಳಗೆ. ಎದೆಯಿಂದ ಮುಂಗಾಲಿಗೆ ಸರಿಯಾಗಿ ಅಷ್ಟೇ. ಉತ್ತರ ಬಂದಾಗ ಲ್ಯಾಪ್‌ಟಾಪ್ ಮುಚ್ಚಿ ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ.

ಆ ಡಬ್ಬಿ ತಾತನ ಬಿಲ್ಲಿನ ಮೇಲಿದ್ದಿದ್ದರೆ? ಹದಿನೇಳು ಅಂತ ತೋರಿಸುತ್ತಿತ್ತು, ತಾತ ಬಿಲ್ಲು ಇಳಿಸುತ್ತಿದ್ದರು. ನನಗೆ ತಾತನ ಬಗ್ಗೆ ಅಷ್ಟು ನಂಬಿಕೆಯಿದೆ. ದೂರಮಾಪಕದ ನಿಜವಾದ ಉಪಯೋಗ ಅದೇ ಅಂತ ನನಗನ್ನಿಸುತ್ತದೆ, ಯಾವಾಗ ಬಿಡಬಾರದು ಅಂತ ಹೇಳುವುದು. ಆದರೆ ಅದು ಉಪಯೋಗಕ್ಕೆ ಬರಬೇಕಾದರೆ ಯಂತ್ರ ಬರುವ ಮುಂಚೆಯೇ ಮನಸ್ಸಿನಲ್ಲಿ ಒಂದು ಹದಿನೈದು ಇರಬೇಕು. ಆ ಅಂಕಿ ಯಾವ ಲೇಸರಿನಲ್ಲೂ ಬರುವುದಿಲ್ಲ. ಅದಿಲ್ಲದವನ ಕೈಗೆ ಯಂತ್ರ ಸಿಕ್ಕರೆ ಹದಿನೇಳಕ್ಕೂ ಚುಕ್ಕಿ ಇದೆ, ಮೂವತ್ತಕ್ಕೂ ಇದೆ.

ನಮ್ಮ ದೇಶದಲ್ಲಿ ಬೇಟೆ ಅಪರಾಧ, ಅದು ಹಾಗೇ ಇರಲಿ. ತಾತನೂ ಒಪ್ಪುತ್ತಿದ್ದರು. ಹೋದ ತಿಂಗಳು ಊರಿಗೆ ಹೋದಾಗ ಅಟ್ಟದಿಂದ ಬಿಲ್ಲು ಇಳಿಸಿ ನೋಡಿದೆ. ಹೆದೆ ಯಾವತ್ತೋ ಹೋಗಿದೆ, ಒಂದು ತುದಿ ಹುಳ ತಿಂದಿದೆ. ನನ್ನ ಕೈಯಲ್ಲಿ ಅಳೆದೆ. ನಾಲ್ಕು ಮೊಳಕ್ಕೆ ನಾಲ್ಕು ಬೆರಳು ಕಡಿಮೆ. ಕೆರೆ ಏರಿಗೂ ಹೋಗಿ ಬಂದೆ. ಬಂಡೆ ಅಲ್ಲೇ ಇದೆ. ಹದಿನೇಳು ಅಂತ ಗೊತ್ತಿದ್ದರೂ ಈಗಲೂ ಹತ್ತೇ ಮಾರು ಇರುವ ಹಾಗೆ ಕಾಣುತ್ತದೆ.

ಗೆಳೆಯರೇ, ನಿಮ್ಮ ಊರುಗಳಲ್ಲಿ ದೂರಕ್ಕೆ ಏನೇನು ಮಾತುಗಳಿವೆ? ಮಾರು, ಕೂಗಳತೆ, ಹರದಾರಿ, ಗಾವುದ ಇಷ್ಟು ನನಗೆ ಗೊತ್ತು. ಮಲೆನಾಡಿನವರು, ಕರಾವಳಿಯವರು, ಉತ್ತರ ಕರ್ನಾಟಕದವರು ನಿಮ್ಮ ಅಜ್ಜ ಅಜ್ಜಿಯರನ್ನು ಕೇಳಿ, ಕಾಮೆಂಟಿನಲ್ಲಿ ಬರೆಯಿರಿ. ಅವರು ಇರುವಾಗಲೇ ಕೇಳಿ. ನಾನು ತಾತನನ್ನು ಕೇಳಬೇಕಾದ್ದು ಇನ್ನೂ ಬೇಕಾದಷ್ಟಿತ್ತು.